ತಪ್ಪು ಆಯ್ಕೆಗೂ ಒಂದು ಲೆಕ್ಕ



ರಬಕವಿ-ಬನಹಟ್ಟಿಯ ಒಂದು ಮಗ್ಗದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನೇಕಾರನ ಬಳಿ ಸೀರೆಯ ಅಂಚಿಗೆ ಎರಡು ವಿನ್ಯಾಸಗಳಿವೆ. ಒಂದು ಹಳೆಯದು, ಇನ್ನೊಂದು ಹೊಸದು. ಹಳೆಯದನ್ನೇ ನೇಯ್ದರೆ ಹೊಸದರ ಗುಣ ತಿಳಿಯುವುದೇ ಇಲ್ಲ. ಹೊಸದನ್ನೇ ನೇಯ್ದು ಅದು ಮಾರಾಟವಾಗದಿದ್ದರೆ ನೂಲಿನ ಸಾಲ ತಲೆಯ ಮೇಲೆ. ಪರೀಕ್ಷಿಸಬೇಕೋ, ಗೊತ್ತಿದ್ದುದನ್ನೇ ನಂಬಬೇಕೋ?

ಈ ಪೇಚಿಗೆ ಗಣಿತದಲ್ಲಿ ಬ್ಯಾಂಡಿಟ್ ಸಮಸ್ಯೆ ಎಂದು ಹೆಸರು. ಜೂಜಿನ ಯಂತ್ರಕ್ಕೆ ಅಮೆರಿಕದ ಜನ ಇಟ್ಟ 'ಒಂಟಿಗೈ ದರೋಡೆಕೋರ' ಎಂಬ ಅಡ್ಡಹೆಸರಿನಿಂದ ಬಂದದ್ದು. 1933ರಲ್ಲಿ ವಿಲಿಯಂ ಥಾಂಪ್ಸನ್ ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆಯಾಗಿ ಇದನ್ನು ವಿಚಾರಿಸಿದರು. 1952ರಲ್ಲಿ ಹರ್ಬರ್ಟ್ ರಾಬಿನ್ಸ್ ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಇಂದು ಇದು ಯಂತ್ರಕಲಿಕೆಯ ಮುಖ್ಯ ವಿಷಯಗಳಲ್ಲೊಂದು.

ಇಲ್ಲಿ ಅಳತೆಗೋಲು 'ರಿಗ್ರೆಟ್', ಅಂದರೆ ಪಶ್ಚಾತ್ತಾಪ. ಮೊದಲೇ ಎಲ್ಲ ಗೊತ್ತಿದ್ದರೆ ಸಿಗುತ್ತಿದ್ದ ಲಾಭಕ್ಕೂ ಕಲಿಯುತ್ತ ಪಡೆದ ಲಾಭಕ್ಕೂ ಇರುವ ವ್ಯತ್ಯಾಸವೇ ಅದು. ಉದಾಹರಣೆಗೆ, ಹತ್ತಕ್ಕೆ ಹಳೆ ಅಂಚಿನ ಸೀರೆ ಸರಾಸರಿ 6, ಹೊಸ ಅಂಚಿನದು 8 ಮಾರಾಟವಾಗುತ್ತದೆ ಎನ್ನೋಣ. ನೂರು ಸೀರೆಗಳನ್ನೂ ಹಳೆಯ ಅಂಚಿನಲ್ಲೇ ನೇಯ್ದರೆ ಪಶ್ಚಾತ್ತಾಪ 20 ಸೀರೆ. ಅರ್ಧ ಅರ್ಧ ನೇಯ್ದರೆ 10. ಎರಡು ರೀತಿಯಲ್ಲೂ ನಷ್ಟ ದಿನದಿಂದ ದಿನಕ್ಕೆ ಒಂದೇ ಸಮನೆ ಬೆಳೆಯುತ್ತದೆ.

ಇದಕ್ಕಿಂತ ಜಾಣ ದಾರಿಯಿದೆ. ಪ್ರತಿ ವಿನ್ಯಾಸದ ಸರಾಸರಿಗೆ ಸ್ವಲ್ಪ 'ಭರವಸೆ'ಯನ್ನು ಸೇರಿಸಿ. ಕಡಿಮೆ ಸಲ ನೇಯ್ದದ್ದಕ್ಕೆ ಹೆಚ್ಚು ಭರವಸೆ, ಹೆಚ್ಚು ಸಲ ನೇಯ್ದದ್ದಕ್ಕೆ ಕಡಿಮೆ. ಮೊತ್ತ ಯಾವುದರದು ದೊಡ್ಡದೋ ಅದನ್ನೇ ನೇಯಿರಿ. ಆಗ ಹೊಸದಕ್ಕೆ ನ್ಯಾಯವಾದ ಅವಕಾಶ ಸಿಗುತ್ತದೆ. ಕೆಟ್ಟದು ಬೇಗ ಹಿಂದೆ ಸರಿಯುತ್ತದೆ. ಇಂತಹ ಕ್ರಮಗಳಲ್ಲಿ ನಷ್ಟ ಲಾಗರಿದಮ್ಮಿನಂತೆ ಮಾತ್ರ ಬೆಳೆಯುತ್ತದೆ. ನೂರರಿಂದ ಸಾವಿರಕ್ಕೆ ಎಷ್ಟು ಹೆಚ್ಚುತ್ತದೋ, ಸಾವಿರದಿಂದ ಹತ್ತು ಸಾವಿರಕ್ಕೂ ಹೆಚ್ಚುಕಡಿಮೆ ಅಷ್ಟೇ. ಎಲ್ಲ ಸಂದರ್ಭಗಳಲ್ಲೂ ಚೆನ್ನಾಗಿ ನಡೆಯಬೇಕಾದ ಯಾವ ಕ್ರಮವೂ ದೀರ್ಘಕಾಲದಲ್ಲಿ ಇದಕ್ಕಿಂತ ನಿಧಾನವಾಗಿ ನಷ್ಟ ಬೆಳೆಸಲಾರದೆಂದು 1985ರಲ್ಲಿ ಲೈ ಮತ್ತು ರಾಬಿನ್ಸ್ ಸಾಧಿಸಿದರು. ಸ್ವಲ್ಪ ಪಶ್ಚಾತ್ತಾಪ ಕಲಿಕೆಗೆ ತೆರಲೇಬೇಕಾದ ಶುಲ್ಕ.

ಇನ್ನು ಮುಧೋಳ, ಜಮಖಂಡಿ, ಬೀಳಗಿಯ ಕಬ್ಬಿನ ಹೊಲಕ್ಕೆ ಬನ್ನಿ. ಸಾಲಿನ ನಡುವೆ ಮೂರು ಅಡಿ ಬಿಡಬೇಕೋ, ನಾಲ್ಕೋ, ಐದೋ? ಇಲ್ಲಿ ಆಯ್ಕೆಗಳು ಎರಡಲ್ಲ, ಅಸಂಖ್ಯ. ಆದರೆ ನಾಲ್ಕು ಅಡಿಯ ಫಲ ನಾಲ್ಕೂಕಾಲು ಅಡಿಯ ಬಗ್ಗೆಯೂ ಸುಳಿವು ಕೊಡುತ್ತದೆ. ಈ ನೆರೆಹೊರೆಯ ಸಂಬಂಧವನ್ನು ಬಳಸಿಕೊಳ್ಳುವುದೇ ಬೇಯೀಸಿಯನ್ ಆಪ್ಟಿಮೈಸೇಶನ್. ಇದರ ಪಶ್ಚಾತ್ತಾಪಕ್ಕೆ 2010ರಲ್ಲಿ ನಿರಂಜನ್ ಶ್ರೀನಿವಾಸ್ ಮತ್ತು ಸಂಗಡಿಗರು ಮಿತಿ ತೋರಿಸಿದರು. 2017ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಾಯಕ್ ರೇ ಚೌಧರಿ ಮತ್ತು ಆದಿತ್ಯ ಗೋಪಾಲನ್ ಆ ಮಿತಿಯನ್ನು ಇನ್ನೂ ಬಿಗಿಗೊಳಿಸಿದರು.

ಆದರೆ ಒಂದು ಎಚ್ಚರಿಕೆ. ನೇಕಾರನಿಗೆ ವರ್ಷದಲ್ಲಿ ಹಲವು ಸರದಿ. ಕಬ್ಬಿನ ರೈತನಿಗೆ ಹೆಚ್ಚುಕಡಿಮೆ ವರ್ಷಕ್ಕೊಂದೇ. ದೀರ್ಘಕಾಲದ ಭರವಸೆ ನಾಲ್ಕು ಬೆಳೆಯ ಸಾಲಗಾರನಿಗೆ ಸಮಾಧಾನ ಕೊಡದು. ಮಳೆ, ನೀರು, ಮಾರುಕಟ್ಟೆ ಬದಲಾದರೆ ಹಳೆಯ ಲೆಕ್ಕವೂ ಮಂಕಾಗುತ್ತದೆ. ಹಾಗಾದರೆ ಮಾಡುವುದೇನು? ಹೊಸದನ್ನು ಇಡೀ ಹೊಲಕ್ಕೆ ಹಾಕದೆ ಕೆಲವು ಗುಂಟೆಗಳಲ್ಲಿ ನೋಡಿ. ಫಲವನ್ನು ಬರೆದಿಡಿ. ಒಂದೇ ತರಹದ ಮಣ್ಣಿನ ಹತ್ತು ರೈತರು ತಮ್ಮ ಲೆಕ್ಕ ಹಂಚಿಕೊಂಡರೆ ಹತ್ತು ವರ್ಷ ಕಾಯಬೇಕಾದ ಅನುಭವದ ಬಹುಭಾಗ ಒಂದೇ ವರ್ಷದಲ್ಲಿ ಕೈಸೇರುತ್ತದೆ.

ಒಬ್ಬನ ಪಶ್ಚಾತ್ತಾಪ ನೆರೆಯವನಿಗೆ ಪಾಠವಾದರೆ ಅದು ವ್ಯರ್ಥವಾಗಲಿಲ್ಲ. ನಿಮ್ಮ ಮುಂದಿನ ಬಿತ್ತನೆಗೆ ಮುನ್ನ ಒಂದು ವಹಿಯನ್ನು ತೆರೆಯಿರಿ.