ಬದುವಿನ ಹಲಸು, ತಂತಿಯ ನಾದ



ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಪ್ರಮುಖ ನೆಲೆಗಳಲ್ಲಿ ಒಂದು. ಆ ಪರಂಪರೆಯ ಕಾವ್ಯವನ್ನು ಇರುಳಿಡೀ ಹಾಡುವ ನೀಲಗಾರರ ಕೈಯಲ್ಲಿ ತಂಬೂರಿಯಿರುತ್ತದೆ. ಜೊತೆಗೆ ಗಗ್ಗರ, ತಾಳ, ದುಕ್ಕಡಿಗಳಿರುತ್ತವೆ. ಮಳವಳ್ಳಿ ಮಹದೇವಸ್ವಾಮಿಯವರ ಕಂಠದಿಂದ, ಧ್ವನಿಸುರುಳಿಗಳ ಮೂಲಕ, ಇದೇ ಹಾಡು ಮೈಸೂರು ಸೀಮೆಯ ಮನೆಮನೆಗೂ ತಲುಪಿತು. ಕೇಳುವವರ ಗಮನವೆಲ್ಲ ಕಥೆಯ ಮೇಲಿರುತ್ತದೆ. ಆದರೆ ಕಥೆಯನ್ನು ಹೊತ್ತು ನಿಲ್ಲುವುದು ಕೆಳಗೆ ಎಡೆಬಿಡದೆ ಮೊಳಗುವ ತಂಬೂರಿಯ ಶ್ರುತಿ. ಆ ಶ್ರುತಿ ತಂತಿಯಲ್ಲಿ ಹುಟ್ಟಿ ಮರದಲ್ಲಿ ಬೆಳೆಯುತ್ತದೆ.

ನಗರದ ವೇದಿಕೆಗಳಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಬೇಸ್ ಗಿಟಾರ್ ಎಂಬ ವಿದ್ಯುತ್ ವಾದ್ಯ ವಹಿಸಿಕೊಂಡಿದೆ. ರಘು ದೀಕ್ಷಿತ್ ಅವರ ತಂಡ ಶಿಶುನಾಳ ಶರೀಫರ ತತ್ತ್ವಪದಗಳನ್ನು ಹಾಡುವಾಗ ಪದದ ಅಡಿಗೆ ನೆಲಗಟ್ಟು ಹಾಕುವುದು ಈ ವಾದ್ಯವೇ. ತಂಬೂರಿ ಹಳ್ಳಿಯದು, ಬೇಸ್ ಗಿಟಾರ್ ಪರದೇಶದ್ದು ಎಂದು ಬೇರ್ಪಡಿಸುವುದು ಸುಲಭ. ಆದರೆ ಎರಡಕ್ಕೂ ಮರ ಬೇಕು. ಆ ಮರ ಎಲ್ಲೋ ಒಂದು ಬದುವಿನಲ್ಲಿ ಅಥವಾ ಎಲ್ಲೋ ಒಂದು ಬೆಟ್ಟದಲ್ಲಿ ಬೆಳೆದಿರಲೇಬೇಕು. ಯಾವ ನಾದಕ್ಕೆ ಯಾವ ಮರ ಎಂಬುದು ಸಂಗೀತದ ಪ್ರಶ್ನೆಯಾಗಿ ಕಂಡರೂ, ಯಾವ ಮರ ಉಳಿಯಬೇಕು, ಯಾವ ಮರವನ್ನು ನೆಡಬೇಕು ಎಂಬುದು ಅದರ ಒಳಗಿರುವ ಪ್ರಶ್ನೆ.

ಮೊದಲು ತಂಬೂರಿ, ವೀಣೆಗಳ ಸಂಗತಿ. ತೆಳ್ಳನೆಯ ತಂತಿ ತಾನೊಂದೇ ಕಂಪಿಸಿದರೆ ಸುತ್ತಲಿನ ಗಾಳಿಯನ್ನು ಹೆಚ್ಚು ಕದಲಿಸಲಾರದು. ಅದರ ಕಂಪನ ಕುದುರೆಯ ಮೂಲಕ ಮೇಲುಹಲಗೆಗೆ ಇಳಿದು, ಹಲಗೆ ಮತ್ತು ಬುರುಡೆ ಕೂಡಿ ಗಾಳಿಯನ್ನು ನೂಕಿದಾಗಲೇ ನಾದ ಕಿವಿಗೆ ತಲುಪುತ್ತದೆ. ಆದ್ದರಿಂದ ಇಲ್ಲಿ ಮರದ ತೂಕ, ಬಿಗುವು, ಎಳೆಯ ನೇರ, ಹಲಗೆಯ ದಪ್ಪ ಇವೆಲ್ಲವೂ ನೇರವಾಗಿ ದನಿಯನ್ನು ತಿದ್ದುತ್ತವೆ. ದಕ್ಷಿಣ ಭಾರತದ ವೀಣೆಗೂ ತಂಬೂರಕ್ಕೂ ಮೃದಂಗಕ್ಕೂ ಕಂಜಿರದ ಬಳೆಗೂ ಹಲಸೇ ಹೆಚ್ಚು ಬಳಕೆಯಲ್ಲಿರುವುದು ಆಕಸ್ಮಿಕವಲ್ಲ. ಒಣಗಿದ ಹಲಸಿನ ಒಂದು ಘನ ಮೀಟರ್ ಸುಮಾರು 600 ಕಿಲೋ ತೂಗುತ್ತದೆ. ಬೀಟೆ 800 ಕಿಲೋ ಮೀರುತ್ತದೆ. ಹಲಸು ಬುರುಡೆಯಾಗಿ ಕೊರೆಯಲು ಒದಗುವಷ್ಟು ಮೃದು, ತಂತಿಯ ಎಳೆತ ತಾಳುವಷ್ಟು ಗಟ್ಟಿ. ಅದರ ಹಳದಿ ಚೇಗಿಗೆ ಗೆದ್ದಲು ಸುಲಭವಾಗಿ ಹತ್ತದು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಊರ ಸುತ್ತ ಸಿಗುತ್ತಿದ್ದ ಮರ.

ಬೇಸ್ ಗಿಟಾರಿನ ಲೆಕ್ಕವೇ ಬೇರೆ. ಅದರ ನಾಲ್ಕು ತಂತಿಗಳಲ್ಲಿ ಅತ್ಯಂತ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಗಂಡಸಿನ ಮಾತಿನ ದನಿ ಸಾಮಾನ್ಯವಾಗಿ ನೂರರ ಆಸುಪಾಸಿನಲ್ಲಿರುತ್ತದೆ. ಈ ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ತಂತಿ ಅದುರಿದಂತೆ ಸುರುಳಿಯಲ್ಲಿ ವಿದ್ಯುತ್ತು ಅದುರುತ್ತದೆ, ಧ್ವನಿವರ್ಧಕ ಅದನ್ನು ದೊಡ್ಡದಾಗಿಸುತ್ತದೆ. ಇಲ್ಲಿ ಕೇಳಿಸುವುದು ಮರ ಗಾಳಿಗೆ ಕೊಟ್ಟ ದನಿಯಲ್ಲ, ತಂತಿ ಅಯಸ್ಕಾಂತಕ್ಕೆ ಕೊಟ್ಟ ಸುದ್ದಿ. ಹಾಗೆಂದು ಮರಕ್ಕೆ ಏನೂ ಪಾತ್ರವಿಲ್ಲವೆಂದಲ್ಲ. ವಾದ್ಯದ ಉದ್ದನೆಯ ಕತ್ತು ತನ್ನದೇ ಕೆಲವು ಕಂಪನಗಳಿಗೆ ಒಲಿಯುತ್ತದೆ. ತಂತಿಯ ಸ್ವರ ಅದಕ್ಕೆ ಸರಿಹೊಂದಿದ ಕಡೆ ಶಕ್ತಿಯೆಲ್ಲ ಕತ್ತಿಗೆ ಸೋರಿ, ಸ್ವರ ಬೇಗನೆ ಸಾಯುತ್ತದೆ. ವಾದಕರು ಇದನ್ನು ಸತ್ತ ಜಾಗವೆಂದೇ ಗುರುತಿಸುತ್ತಾರೆ. ಬಹಳಷ್ಟು ಬೇಸ್ ಗಿಟಾರುಗಳಲ್ಲಿ ಅದು ತೆಳ್ಳನೆಯ ತಂತಿಯ ಐದರಿಂದ ಏಳನೆಯ ಮನೆಗಳ ಸುತ್ತ ಕಾಣಿಸುತ್ತದೆ. ಕತ್ತಿನ ಬಿಗುವು, ತೂಕ, ಮರ ಒಣಗಿದ ಬಗೆ ಇವು ಅದನ್ನು ನಿರ್ಧರಿಸುತ್ತವೆ. ಒಡಲಿನ ಮರದ ಪಾತ್ರ ಮಾತ್ರ ತಂತಿ, ಅಯಸ್ಕಾಂತ ಮತ್ತು ವಾದಕನ ಬೆರಳುಗಳ ಪಾತ್ರಕ್ಕಿಂತ ಬಹಳ ಕಿರಿದು.

ಬೇಡಿಕೆಯ ಮೇರೆಗೆ ಕೈಯಿಂದ ಮಾಡಿಸಿಕೊಳ್ಳುವ ದುಬಾರಿ ವಾದ್ಯಗಳ ಜಗತ್ತಿನಲ್ಲಿ ಈ ಮಾತು ರುಚಿಸದು. ಇಂಥ ಮರಕ್ಕೆ ಬೆಚ್ಚನೆಯ ದನಿ, ಇಂಥದಕ್ಕೆ ಹೊಳೆಯುವ ದನಿ ಎಂಬ ವರ್ಣನೆಗಳಿವೆ. ಮರ ಅಪರೂಪವಾದಷ್ಟೂ ವರ್ಣನೆ ಸೊಗಸಾಗುತ್ತದೆ, ಬೆಲೆಯೂ ಏರುತ್ತದೆ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಈ ನಂಬಿಕೆಯ ಒಂದು ಭಾಗವನ್ನು ಪರೀಕ್ಷೆಗೆ ಒಡ್ಡಿದರು. ಬೆನ್ನು ಮತ್ತು ಪಕ್ಕಗಳ ಮರ ಒಂದನ್ನುಳಿದು ಮಿಕ್ಕೆಲ್ಲದರಲ್ಲೂ ಸಮಾನವಾದ ಆರು ಗಿಟಾರುಗಳನ್ನು ಮಾಡಿಸಿ, ಯಾವುದು ಯಾವ ಮರದ್ದೆಂದು ಕಾಣದಂತೆ 52 ಮಂದಿ ವಾದಕರ ಕೈಗೆ ಕೊಟ್ಟರು. ಅವುಗಳಲ್ಲಿ ಬ್ರೆಜಿಲ್ ಬೀಟೆಯೂ ಇತ್ತು, ಭಾರತದ ಬೀಟೆಯೂ ಇತ್ತು, ಅಗ್ಗದ ಮರಗಳೂ ಇದ್ದವು. ವಾದಕರು ಆರಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯ ಅಂಕ ಕೊಟ್ಟರು. ಅವು ವಿದ್ಯುತ್ ವಾದ್ಯಗಳಲ್ಲ, ಮರವೇ ದನಿ ಕೊಡುವ ಗಿಟಾರುಗಳು. ಅಲ್ಲಿಯೇ ಬೆನ್ನಿನ ಅಪರೂಪದ ಮರವನ್ನು ಕಿವಿ ಗುರುತಿಸದಿದ್ದರೆ, ಅಯಸ್ಕಾಂತದ ವಾದ್ಯದಲ್ಲಿ ಅದಕ್ಕಾಗಿ ಹಟ ಹಿಡಿಯಲು ಕಾರಣ ಇನ್ನೂ ಕಡಿಮೆ.

ಮಲೆನಾಡಿನವರಿಗೆ ಈ ಕಥೆ ದೂರದ್ದಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಪ್ರಸಿದ್ಧ ಬೇಸ್ ಗಿಟಾರಿನ ಒಡಲು ಆಶ್ ಎಂಬ ಮರದ್ದು, ಕತ್ತು ಮೇಪಲ್ ಮರದ್ದು. 1959ರಿಂದ ಬೆರಳುಹಲಗೆಗೆ ಬೀಟೆ ಬಂದಿತು. ಮೊದಲು ಬ್ರೆಜಿಲಿನ ಬೀಟೆ. ಅದು ವಿರಳವಾಗುತ್ತಿದ್ದಂತೆ ಭಾರತದ ಬೀಟೆ. ಹೀಗೆ ಪಶ್ಚಿಮಘಟ್ಟದ ಮರ ಜಗತ್ತಿನ ಗಿಟಾರುಗಳ ಮೇಲೆ ತೆಳ್ಳನೆಯ ಪಟ್ಟಿಯಾಗಿ ಕುಳಿತಿತು. ಬ್ರೆಜಿಲ್ ಬೀಟೆಯ ವ್ಯಾಪಾರವನ್ನು ಸೈಟ್ಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ 1992ರಲ್ಲಿ ಬಹುತೇಕ ನಿಲ್ಲಿಸಿತು. 2017ರ ಜನವರಿಯಿಂದ ಭಾರತದ ಬೀಟೆಯೂ ಸೇರಿದಂತೆ ಆ ಕುಲದ ಎಲ್ಲ ಮರಗಳೂ ಅದೇ ಒಪ್ಪಂದದ ನಿಯಂತ್ರಣಕ್ಕೆ ಬಂದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು, ಮರಕ್ಕೆ ದೊರೆಯಲಿಲ್ಲ. ಬೀಟೆ ಬಹು ನಿಧಾನವಾಗಿ ಬಲಿಯುವ ಮರ. ಬೇರಿನಿಂದ ಚಿಗುರೊಡೆಯುವ ಅದರ ಮರಿಗಳು ಬೆಂಕಿಗೂ ಮೇವಿಗೂ ಸುಲಭವಾಗಿ ತುತ್ತಾಗುತ್ತವೆ. ಒಂದು ಬೀಟೆ ಬಿದ್ದರೆ ಬೀಳಿಸಿದವನ ಮೊಮ್ಮಕ್ಕಳ ಕಾಲಕ್ಕೂ ಆ ಜಾಗ ತುಂಬುವುದು ಕಷ್ಟ.

ಆಶ್ ಮರದ ಪಾಡು ಇನ್ನೊಂದು ಪಾಠ. ಪೂರ್ವ ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಕೊರಕ ದುಂಬಿಯೊಂದು 2002ರಲ್ಲಿ ಅಮೆರಿಕದ ಮಿಚಿಗನ್‌ನಲ್ಲಿ ಪತ್ತೆಯಾಯಿತು. ತೊಗಟೆಯ ಅಡಿಯಲ್ಲಿ ಅದರ ಮರಿಹುಳು ಸುರಂಗ ಕೊರೆದು, ಮರದ ಆಹಾರದ ದಾರಿಯನ್ನೇ ಕಡಿಯುತ್ತದೆ. ಕೋಟ್ಯಂತರ ಆಶ್ ಮರಗಳು ಸತ್ತವು. ಪೂರೈಕೆ ಕುಸಿದು, 2020ರಲ್ಲಿ ಫೆಂಡರ್ ಕಂಪನಿ ತನ್ನ ಸಾಮಾನ್ಯ ವಾದ್ಯಗಳಲ್ಲಿ ಆಶ್ ಬಳಕೆಯನ್ನು ಬಹುಮಟ್ಟಿಗೆ ಕೈಬಿಡುವುದಾಗಿ ಪ್ರಕಟಿಸಿತು. ಎಪ್ಪತ್ತು ವರ್ಷ ಇದೇ ದನಿಯ ಮೂಲವೆಂದು ಹೊಗಳಿಸಿಕೊಂಡ ಮರ ಸರಿದುಹೋದರೂ ಸಂಗೀತ ನಿಲ್ಲಲಿಲ್ಲ. ಒಂದೇ ಮರವನ್ನು ನಂಬಿದ ಕಸುಬು ಒಂದೇ ಹುಳುವಿಗೆ ಅಂಜಬೇಕಾಗುತ್ತದೆ ಎಂಬುದನ್ನು ಒಂದೇ ಬೆಳೆ ನಂಬಿದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕಿವಿ ನಿಜವಾಗಿ ಬೇಡುವುದೇನು? ನೇರ ಎಳೆಯ, ಗಂಟಿಲ್ಲದ, ಚೆನ್ನಾಗಿ ಹದಗೊಂಡ ಮರವನ್ನು. ಹಸಿ ಮರದಲ್ಲಿ ನೀರು ತುಂಬಿರುತ್ತದೆ. ತೇವಾಂಶ ಶೇಕಡಾ 28-30ಕ್ಕೆ ಇಳಿಯುವವರೆಗೆ ಮರ ಹೆಚ್ಚು ಕುಗ್ಗುವುದಿಲ್ಲ. ಅಲ್ಲಿಂದ ಕೆಳಗೆ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಸೀಳುತ್ತದೆ. ವಾದ್ಯಕ್ಕೆ ಬೇಕಾದ ಶೇಕಡಾ 10-12ರ ಮಟ್ಟಕ್ಕೆ ಅದನ್ನು ನೆರಳಿನಲ್ಲಿ ನಿಧಾನವಾಗಿ ತರಬೇಕು. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಬಡಗಿಗಳ ಲೆಕ್ಕ. ಸರಿಯಾಗಿ ಒಣಗದ ಬೀಟೆಗಿಂತ ಸರಿಯಾಗಿ ಒಣಗಿದ ಹಲಸು ಮೇಲು.

ಈ ಹಲಸು ಮಂಡ್ಯ ಸೀಮೆಯಲ್ಲಿ ಎಲ್ಲಿ ನಿಂತಿದೆ ಎಂಬುದು ಮುಂದಿನ ಪ್ರಶ್ನೆ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಹೊಲ ಗದ್ದೆಯಾಯಿತು, ಗದ್ದೆ ಕಬ್ಬಿನ ತೋಟವಾಯಿತು. ಬರದ ಸೀಮೆಗೆ ಅನ್ನ ಕೊಟ್ಟ ಈ ಬದಲಾವಣೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹಲಸಿನ ಬೇರು ನಿಂತ ನೀರನ್ನು ತಾಳದು. ಜೌಗು ಹಿಡಿದ ನೆಲದಲ್ಲಿ ಅದು ಸೊರಗಿ ಸಾಯುತ್ತದೆ. ಗದ್ದೆಯ ಬದು ಕಿರಿದಾದಷ್ಟೂ ನೆರಳು ಕೊಡುವ ಮರ ಬೆಳೆಯ ಶತ್ರುವಾಗಿ ಕಾಣುತ್ತದೆ. ಹೀಗಾಗಿ ಹಲಸಿಗೆ ನಿಜವಾದ ನೆಲೆ ನಾಲೆಯ ಬಯಲಿಗಿಂತ, ನೀರು ಬಸಿದುಹೋಗುವ ಮದ್ದೂರು, ಮಳವಳ್ಳಿಗಳ ಎತ್ತರದ ಕೆಂಪು ನೆಲ.

ಇನ್ನೊಂದು ಸೂಕ್ಷ್ಮ ಸಂಗತಿ ತೋಟಗಾರಿಕೆಗೆ ಸೇರಿದ್ದು. ತುಮಕೂರು ಸೀಮೆಯ ಸಿದ್ದು, ಶಂಕರ ಮುಂತಾದ ಕೆಂಪು ತೊಳೆಯ ತಳಿಗಳಿಂದ ಹಲಸಿಗೆ ಮರಳಿ ಮಾನ ಬಂದಿದೆ. ಇದು ಸಂತೋಷದ ವಿಷಯ. ಆದರೆ ಕಸಿ ಗಿಡ ಬೇಗ ಫಲಕ್ಕೆ ಬರುತ್ತದೆ, ತಗ್ಗಿನಲ್ಲೇ ಕವಲೊಡೆಯುತ್ತದೆ. ಕೊಯ್ಲಿಗೆ ಅನುಕೂಲವಾಗಲೆಂದು ಅದನ್ನು ಕುಳ್ಳಾಗಿಯೇ ಇಡುತ್ತಾರೆ. ಅದರಿಂದ ಹಣ್ಣು ಸಿಗುತ್ತದೆ, ವೀಣೆಯ ಕಾಂಡ ಸಿಗುವುದಿಲ್ಲ. ಒಂದೇ ದಿಮ್ಮಿಯಲ್ಲಿ ಕೊರೆಯುವ ಏಕಾಂಡ ವೀಣೆಗೆ ಹಲವು ದಶಕ ಬೆಳೆದ, ಕವಲಿಲ್ಲದ ದಪ್ಪ ಬೊಡ್ಡೆ ಬೇಕು. ಅದನ್ನು ಕೊಡುವುದು ಬೀಜದಿಂದ ಎದ್ದ ಮರ. ಹಳೆಯ ಬೀಜದ ಮರಗಳು ಬಾಗಿಲು ಚೌಕಟ್ಟಿಗೂ ಸೌದೆಗೂ ಉರುಳುತ್ತಿರುವಾಗ, ಅವುಗಳ ಜಾಗಕ್ಕೆ ಕಸಿ ಗಿಡವಷ್ಟೇ ಬಂದರೆ ಮುಂದಿನ ತಲೆಮಾರಿಗೆ ಹಣ್ಣಿನ ಬುಟ್ಟಿ ತುಂಬಿರುತ್ತದೆ, ವಾದ್ಯದ ಕೊಟ್ಟಿಗೆ ಬರಿದಾಗಿರುತ್ತದೆ.

ಮರವನ್ನು ಊರೇ ಉಳಿಸಿಕೊಂಡ ನಿದರ್ಶನ ಮದ್ದೂರು ತಾಲ್ಲೂಕಿನಲ್ಲೇ ಇದೆ. ಕೊಕ್ಕರೆಬೆಳ್ಳೂರಿನ ಹಿತ್ತಿಲುಗಳ ಹುಣಸೆ, ಆಲ ಜಾತಿಯ ಮರಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಕ್ಕಿಗಾಗಿ ಹುಣಸೆಯ ಫಸಲು ಬಿಟ್ಟ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆ ಬಂದಿತು. ಮರ ನಿಂತಿರುವುದಕ್ಕೂ ಬೆಲೆಯಿದೆ ಎಂದು ಒಪ್ಪಿಕೊಂಡ ಕಡೆ ಮರ ನಿಲ್ಲುತ್ತದೆ. ಮದ್ದೂರಿಗೆ ಹತ್ತಿರದ ಚನ್ನಪಟ್ಟಣ ಇನ್ನೊಂದು ನಿದರ್ಶನ. ಅಲ್ಲಿನ ಗೊಂಬೆಗಳು ಕೀರ್ತಿ ಪಡೆದದ್ದು ದುಬಾರಿ ಮರದಿಂದಲ್ಲ. ಸುತ್ತಮುತ್ತ ಬೆಳೆಯುವ, ಬಿಳಿಯ, ಮೃದುವಾದ ಹಾಲೆ ಮರದಿಂದ. ಕಸುಬು ತನ್ನ ನೆರೆಯ ಮರವನ್ನು ಅರಿತಾಗ ಆ ಮರಕ್ಕೂ ಒಂದು ಗೌರವ ದೊರೆಯುತ್ತದೆ.

ಇಷ್ಟರಿಂದ ಮಾಡಬಹುದಾದ ಕೆಲಸಗಳು ಸ್ಪಷ್ಟವಾಗುತ್ತವೆ. ಮಳವಳ್ಳಿ, ಮದ್ದೂರುಗಳ ಬೆದ್ದಲು ಹೊಲಗಳಲ್ಲಿ, ಉತ್ತರ ದಿಕ್ಕಿನ ಬದುವಿನ ಮೇಲೆ, ಕಸಿ ಹಲಸಿನ ಜೊತೆಗೆ ಬೀಜದ ಹಲಸನ್ನೂ ನೆಡಬೇಕು. ಹಾಗೆ ನೆಟ್ಟರೆ ನೆರಳು ಹೆಚ್ಚಾಗಿ ಸ್ವಂತ ಬೆಳೆಯ ಮೇಲೆ ಬೀಳದು. ನೆರೆಯ ಹೊಲದವರೊಡನೆ ಮೊದಲೇ ಮಾತನಾಡಿಕೊಂಡರೆ ಒಳ್ಳೆಯದು. ಮೊದಲ ಕೆಲವು ವರ್ಷ ಕೆಳಗಿನ ಕವಲುಗಳನ್ನು ಎಳೆಯದಿರುವಾಗಲೇ ಸವರಿದರೆ ಬೊಡ್ಡೆ ಗಂಟಿಲ್ಲದೆ ಬೆಳೆಯುತ್ತದೆ. ಮುಪ್ಪಾದ ಮರವನ್ನು ಅನುಮತಿ ಪಡೆದು ಕಡಿಯುವುದಾದರೆ ಬೇಸಗೆಯ ಒಣಹವೆಯಲ್ಲಿ ಕಡಿದು, ದಿಮ್ಮಿಯ ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿದು, ಬೇಗ ಸೀಳಿಸಿ, ನೆರಳಿನಲ್ಲಿ ಗಾಳಿಯಾಡುವಂತೆ ಅಡ್ಡಪಟ್ಟಿ ಇಟ್ಟು ಪೇರಿಸಬೇಕು. ಪಹಣಿಯಲ್ಲಿ ಮರಗಳಿಗೆಂದೇ ಒಂದು ಕಲಮಿದೆ. ಅದನ್ನು ತುಂಬಿಸುವ ಅಭ್ಯಾಸ ಬೆಳೆಯಬೇಕು. ದಾಖಲೆಯುಳ್ಳ ಬದುವಿನ ಮರವನ್ನು ವಾದ್ಯ ತಯಾರಕರು ನಿರಾತಂಕವಾಗಿ ಕೊಳ್ಳಬಹುದು.

ವಾದ್ಯ ಕೊಳ್ಳುವವರ ಹೊಣೆಯೂ ಇದೆ. ವೀಣೆ ಮಾಡಿಸುವವರಾಗಲಿ, ಬೇಸ್ ಗಿಟಾರ್ ಮಾಡಿಸುವ ಯುವಕರಾಗಲಿ, ದನಿ ಹೇಗಿದೆ ಎಂದು ಕೇಳುವ ಮೊದಲು ಮರ ಎಲ್ಲಿಯದು, ಎಷ್ಟು ಕಾಲ ಒಣಗಿದ್ದು ಎಂದು ಕೇಳಬೇಕು. ಎರಡನೆಯ ಪ್ರಶ್ನೆಯಿಂದ ವಾದ್ಯ ಉಳಿಯುತ್ತದೆ, ಮೊದಲನೆಯದರಿಂದ ಕಾಡು ಉಳಿಯುತ್ತದೆ. ಬೆಟ್ಟದ ಬೀಟೆಯನ್ನು ಬೆಟ್ಟದಲ್ಲಿ ಬಿಟ್ಟು ಬದುವಿನ ಹಲಸನ್ನು ಕೈಗೆತ್ತಿಕೊಂಡರೆ ನಾದಕ್ಕೆ ನಷ್ಟವಿಲ್ಲ; ತಂಬೂರಿಯ ಪರಂಪರೆ ಇದನ್ನು ಬಹು ಹಿಂದೆಯೇ ಅರಿತಿತ್ತು. ಮುಂಗಾರಿಗೆ ಮೊದಲು ಹಲಸಿನ ಬೀಜ ಎಲ್ಲ ಹಿತ್ತಿಲುಗಳಲ್ಲೂ ಬಿದ್ದಿರುತ್ತದೆ. ಅದು ಬೇಗ ಒಣಗಿ ಮೊಳೆಯುವ ಶಕ್ತಿ ಕಳೆದುಕೊಳ್ಳುವ ಬೀಜ. ತೊಳೆಯಿಂದ ತೆಗೆದ ಕೆಲವೇ ದಿನಗಳಲ್ಲಿ ಮಣ್ಣು ಸೇರಬೇಕು. ಬಂಧುಗಳೇ, ಈ ಹಂಗಾಮಿನಲ್ಲಿ ಅದು ಮಣ್ಣು ಸೇರಲಿ.