ದೇವರ ಆಯ್ಕೆ, ಮನುಷ್ಯನ ಹೊಣೆ: ದೊಡ್ಡ ಸ್ವಾಮಿಯವರ ಪತ್ರಗಳನ್ನು ಮುಂದಿಟ್ಟುಕೊಂಡು



ರಕ್ಷಣೆ ದೇವರ ಚಿತ್ತದಿಂದಲೋ, ಮನುಷ್ಯನ ಒಪ್ಪಿಗೆಯಿಂದಲೋ? ಐದನೆಯ ಶತಮಾನದಲ್ಲಿ ಅಗಸ್ಟೀನನೂ ಪೆಲಾಜಿಯಸನೂ ವಾದಿಸಿದ ಈ ಪ್ರಶ್ನೆ ಮೈಸೂರು ಸೀಮೆಗೆ ಪರಕೀಯವಲ್ಲ. ಮರಿಕೋತಿ ತಾಯಿಯನ್ನು ತಾನೇ ಅವಚಿಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ವಡಗಲೆ, ತೆಂಗಲೆ ಶ್ರೀವೈಷ್ಣವರ ಈ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳನ್ನು ಕೇಳಿಯೇ ನಾವು ಬೆಳೆದವರು. ಮೈಸೂರಿನ ಆಳ್ಕೊಂಡವಿಲ್ಲಿ ಗೋವಿಂದಾಚಾರ್ಯರು 1910ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಎರಡು ಪಂಥಗಳ ಹದಿನೆಂಟು ಭೇದಗಳನ್ನು ವಿವರಿಸಿದರು. ಜರ್ಮನಿಯ ರುಡಾಲ್ಫ್ ಆಟ್ಟೊ ಭಾರತದ ಈ ಕೃಪಾಮಾರ್ಗವನ್ನು ಕ್ರೈಸ್ತ ಧರ್ಮದ ಪಕ್ಕದಲ್ಲಿಟ್ಟು ಒಂದು ಪುಸ್ತಕವನ್ನೇ ಬರೆದರು.

ಆ ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ. ದೇವರ ಆಯ್ಕೆಯ ಮಾತನ್ನು ಯಾರು, ಯಾರ ವಿಷಯದಲ್ಲಿ ಆಡುತ್ತಾರೆ ಎಂಬುದೇ ನನ್ನನ್ನು ಹೆಚ್ಚು ಕಾಡಿದೆ. ಅದಕ್ಕೆ ನಮ್ಮ ನಾಡಿನಲ್ಲೇ ಒಂದು ದಾಖಲೆ ಇದೆ.

ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಭಾರತಕ್ಕೆ ಬಂದದ್ದು 1792ರಲ್ಲಿ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಅವರು ಮತ್ತೆ ಒಟ್ಟುಗೂಡಿಸಿದರು. ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ಬಡವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು, ಸಿಡುಬಿನ ಲಸಿಕೆ ಹಾಕಿಸಲು ಜನರ ಮನವೊಲಿಸಿದರು. ಜನ ಅವರನ್ನು ದೊಡ್ಡ ಸ್ವಾಮಿ ಎಂದರು. ಆದರೆ 1823ರಲ್ಲಿ ಈ ದೇಶ ಬಿಟ್ಟ ಅವರು ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಹಿಂದೂಗಳು ಕ್ರೈಸ್ತರಾಗುವುದು ಮನುಷ್ಯ ಪ್ರಯತ್ನದಿಂದ ಸಾಧ್ಯವೇ ಇಲ್ಲವೆಂದು ಬರೆದರು. ಅಷ್ಟು ವರ್ಷಗಳಲ್ಲಿ ತಮ್ಮಿಂದ ಮತಾಂತರವಾದವರು ಇನ್ನೂರು ಮುನ್ನೂರು ಮಂದಿ ಮಾತ್ರ ಎಂದು ಒಪ್ಪಿಕೊಂಡರು. ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಅಲ್ಲಿಗೇ ನಿಲ್ಲದೆ, ಈ ಜನ ಹಟದಿಂದ ಸುವಾರ್ತೆಯನ್ನು ತಳ್ಳಿ ದೇವರ ಶಾಶ್ವತ ಶಾಪಕ್ಕೆ ಒಳಗಾದಂತಿದ್ದಾರೆ ಎಂದೂ ಅವರು ತೀರ್ಮಾನಿಸಿಬಿಟ್ಟರು. ತೀರ್ಪು ದೇವರದು, ತಪ್ಪು ಕೇಳಿದವರದು. ಸಾರಿದವರ ಪಾಲಿಗೆ ಏನೂ ಉಳಿಯಲಿಲ್ಲ. ಜೇಮ್ಸ್ ಹಫ್ ಎಂಬ ಪಾದ್ರಿ ಮರುವರ್ಷವೇ ಇದಕ್ಕೆ ಉತ್ತರವಾಗಿ ಪುಸ್ತಕ ಬರೆದದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಒಂಬತ್ತನೆಯ ಅಧ್ಯಾಯ ತೆರೆಯಿರಿ. ದೇವರ ಆಯ್ಕೆಯ ಬಗ್ಗೆ ಹೊಸ ಒಡಂಬಡಿಕೆಯಲ್ಲಿ ಇದಕ್ಕಿಂತ ಕಠಿಣ ಮಾತು ಇನ್ನೆಲ್ಲೂ ಇಲ್ಲ. ಆ ಅಧ್ಯಾಯ ಶುರುವಾಗುವುದು ಅಳಲಿನಿಂದ. ನಂಬದೆ ಉಳಿದ ತನ್ನ ಜನರಿಗಾಗಿ ತಾನೇ ಶಾಪಗ್ರಸ್ತನಾಗಿ ಕ್ರಿಸ್ತನಿಂದ ದೂರವಾದರೂ ಆದೀತು ಎನ್ನುತ್ತಾನೆ ಪೌಲ. ಶಾಪವನ್ನು ತನ್ನ ಮೇಲೆ ಎಳೆದುಕೊಳ್ಳಲು ಸಿದ್ಧನಾದ ಮೇಲಷ್ಟೇ ಅವನು ಆಯ್ಕೆಯ ಮಾತು ಎತ್ತುತ್ತಾನೆ. ಹತ್ತನೆಯ ಅಧ್ಯಾಯದಲ್ಲಿ, ಸಾರುವವನಿಲ್ಲದೆ ಕೇಳುವುದು ಹೇಗೆಂದು ಹೊಣೆಯನ್ನು ಸಾರುವವನ ಹೆಗಲಿಗೂ ಹೊರಿಸುತ್ತಾನೆ. ಹನ್ನೊಂದನೆಯದು ಮುಗಿಯುವುದು ಸ್ತೋತ್ರದಲ್ಲಿ. ಯಾರು ಒಳಗೆ, ಯಾರು ಹೊರಗೆ ಎಂಬ ಪಟ್ಟಿ ಅಲ್ಲಿಲ್ಲ.

1821ರಲ್ಲಿ ಬೆಂಗಳೂರಿಗೆ ಬಂದ ವೆಸ್ಲಿಯನ್ ಮಿಷನರಿಗಳ ನಿಲುವು ದುಬುವಾ ಅವರದಕ್ಕಿಂತ ಬೇರೆ. ಆಯ್ದ ಕೆಲವರಿಗಷ್ಟೇ ರಕ್ಷಣೆ ಎಂಬ ವಾದವನ್ನು ಜಾನ್ ವೆಸ್ಲಿ 1739ರಲ್ಲೇ ಖಂಡಿಸಿದ್ದರು. ಮನುಷ್ಯ ಹುಡುಕುವ ಮುಂಚೆಯೇ ಕೃಪೆ ಅವನಲ್ಲಿ ಕೆಲಸ ಶುರುಮಾಡಿರುತ್ತದೆ, ಅದು ಎಲ್ಲರಿಗೂ ಉಂಟು ಎಂದು ಅವರು ಬೋಧಿಸಿದರು. ನನಗೆ ಇದು ಹೆಚ್ಚು ಹತ್ತಿರ. ಇದರಲ್ಲೂ ಅಪಾಯವಿದೆ: ಎಲ್ಲರಿಗೂ ಕೃಪೆ ಬಂದಿದೆ ಎಂದಾದರೆ ಒಪ್ಪದವನನ್ನು ದೂರುವುದು ಇನ್ನಷ್ಟು ಸಲೀಸು.

ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಪೌಲನು ಭಯಭಕ್ತಿಯಿಂದ ರಕ್ಷಣೆಯನ್ನು ಸಾಧಿಸಿಕೊಳ್ಳಲು ಹೇಳಿ, ಆ ಇಚ್ಛೆಯನ್ನೂ ಕ್ರಿಯೆಯನ್ನೂ ನಿಮ್ಮಲ್ಲಿ ಉಂಟುಮಾಡುವವನು ದೇವರೇ ಎಂದು ಅದೇ ಉಸಿರಿನಲ್ಲಿ ಸೇರಿಸುತ್ತಾನೆ. ಇಂತಿಷ್ಟು ದೇವರದು, ಇಂತಿಷ್ಟು ನನ್ನದು ಎಂಬ ಪಾಲುಪಟ್ಟಿಗೆ ಇಲ್ಲಿ ಎಡೆಯಿಲ್ಲ. ಮಾತು ನಡೆದಿರುವುದು ನಂಬಿದವರ ಜೊತೆ, ಅವರ ಬದುಕನ್ನು ಕುರಿತು.

ನಮ್ಮ ಸಭೆಗಳಲ್ಲಿ ಮೊದಲ ತಲೆಮಾರಿನ ವಿಶ್ವಾಸಿಗಳಿದ್ದಾರೆ. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ತಾಯಿಯ ಗತಿ ಏನೆಂದು ಅವರು ಪಾದ್ರಿಗಳನ್ನು ಕೇಳುತ್ತಾರೆ. ಹಾಗೆ ಕೇಳಿದವರ ಮುಂದೆ ಪೂರ್ವನೇಮಕದ ಸಿದ್ಧಾಂತ ಬಿಚ್ಚಿ ತೀರ್ಪು ಕೊಡುವ ಅಧಿಕಾರ ಯಾವ ಪಾದ್ರಿಗೂ ಇಲ್ಲ. ಆ ತಾಯಿಯನ್ನು ಕರುಣೆಯುಳ್ಳ ದೇವರ ಕೈಗೊಪ್ಪಿಸಿ ಮಗನ ಜೊತೆ ಕುಳಿತು ಪ್ರಾರ್ಥಿಸುವ ಹೊಣೆ ಇದೆ.