ಊರು ಅಂಗಡಿಯಲ್ಲ

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಚುನಾವಣೆ ಹತ್ತಿರ ಬಂತೆಂದರೆ ಚಹದಂಗಡಿಗಳಲ್ಲಿ ಒಂದು ಮಾತು ತಪ್ಪದೆ ಹುಟ್ಟುತ್ತದೆ. "ಈ ರಾಜಕಾರಣಿಗಳ ಸಹವಾಸ ಸಾಕಾಯಿತು. ಒಬ್ಬ ದೊಡ್ಡ ವ್ಯಾಪಾರಸ್ಥನನ್ನು ಕೂಡ್ರಿಸಿ ನೋಡೋಣ. ಹೊಟ್ಟೆ ತುಂಬಿದವನು, ಕದಿಯುವುದಿಲ್ಲ. ಲೆಕ್ಕ ಬಲ್ಲವನು, ದುಂದು ಮಾಡುವುದಿಲ್ಲ." ಈ ಮಾತನ್ನಾಡುವವರು ನಮ್ಮ ವೈರಿಗಳೇನಲ್ಲ. ನಲ್ಲಿಗೆ ನೀರು ಬಾರದೆ, ಗಟಾರ ತುಂಬಿ ಹರಿದು, ಅರ್ಜಿ ಕೊಟ್ಟು ಕೊಟ್ಟು ಬೇಸತ್ತವರು. ಆದುದರಿಂದ ಅವರ ಮಾತನ್ನು ಗೇಲಿ ಮಾಡಿ ತಳ್ಳಿಹಾಕುವುದು ಸಲ್ಲದು. ನಿಜವಾಗಿ ನಡೆದ ಒಂದು ಚುನಾವಣೆಯನ್ನು ಮುಂದಿಟ್ಟುಕೊಂಡು ಅದನ್ನು ಒರೆಗೆ ಹಚ್ಚೋಣ. ಅಮೆರಿಕದ ಲಾಸ್ ಏಂಜಲೀಸ್ ಪಟ್ಟಣದಲ್ಲಿ 2022ರಲ್ಲಿ ನಡೆದ ಮೇಯರ್ ಚುನಾವಣೆ ಅದು.

ಅಷ್ಟು ದೂರಕ್ಕೇಕೆ ಹೋಗಬೇಕೆಂದು ಕೇಳಿದರೆ ಉತ್ತರ ಸುಲಭ. ನಮ್ಮ 1976ರ ಮಹಾನಗರಪಾಲಿಕೆಗಳ ಕಾಯದೆ ಮೇಯರಿಗೆ ಕೊಟ್ಟದ್ದು ಒಂದೇ ವರ್ಷದ ಅವಧಿ. ಆರಿಸುವವರು ಸದಸ್ಯರು, ಕಡತವಿರುವುದು ಸರ್ಕಾರ ನೇಮಿಸಿದ ಕಮಿಷನರ ಮೇಜಿನ ಮೇಲೆ. ಅಲ್ಲಿಯಾದರೋ ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಮೇಯರನ್ನು ಆರಿಸುತ್ತಾರೆ. ಹೀಗಾಗಿ ವ್ಯಾಪಾರಸ್ಥನ ಪ್ರಶ್ನೆ ಅಲ್ಲಿ ಪರದೆಯಿಲ್ಲದೆ ಎದುರು ನಿಲ್ಲುತ್ತದೆ.

ಅಲ್ಲಿ ಕಣಕ್ಕಿಳಿದ ಉದ್ಯಮಿ ರಿಕ್ ಕರೂಸೊ. ಭಾರಿ ಅಂಗಡಿ ಸಮುಚ್ಚಯಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡುವ ಧಣಿ. ಮೊದಲು ರಿಪಬ್ಲಿಕನ್ ಪಕ್ಷ, ಆಮೇಲೆ ಯಾವ ಪಕ್ಷವೂ ಇಲ್ಲ, ಚುನಾವಣೆಯ ವರ್ಷದ ಜನವರಿಯಲ್ಲಿ ಡೆಮೊಕ್ರಾಟಿಕ್ ಪಕ್ಷ! ಆದರೆ ನ್ಯಾಯವಾಗಿ ಹೇಳಬೇಕಾದ ಮಾತನ್ನೂ ಹೇಳಿಬಿಡೋಣ. ಅವರು ಸಾರ್ವಜನಿಕ ಕೆಲಸಕ್ಕೆ ಹೊಸಬರೇನಲ್ಲ. ಎಳೆಯ ವಯಸ್ಸಿನಲ್ಲೇ ನಗರದ ನೀರು ಮತ್ತು ವಿದ್ಯುತ್ ಮಂಡಲಿಯ ಸದಸ್ಯರಾಗಿದ್ದರು, ಮುಂದೆ ಪೊಲೀಸ್ ಮಂಡಲಿಯ ಅಧ್ಯಕ್ಷರಾಗಿದ್ದರು. ಅವರ ಎದುರು ನಿಂತವರು ಕರೆನ್ ಬಾಸ್. ಬಡವರ ಬಡಾವಣೆಗಳಲ್ಲಿ ಸಂಘಟನೆ ಕಟ್ಟಿ, ರಾಜ್ಯದ ವಿಧಾನಸಭೆಯ ಸ್ಪೀಕರಾಗಿ, ಆಮೇಲೆ ದೇಶದ ಕಾಂಗ್ರೆಸಿಗೆ ಹೋದ ಕಪ್ಪು ಜನಾಂಗದ ಹೆಣ್ಣುಮಗಳು.

ಕರೂಸೊ ಅವರ ಹೆಸರು ಮನೆಮಾತಾದುದು 2002ರಲ್ಲಿ ತೆರೆದ 'ದಿ ಗ್ರೋವ್' ಎಂಬ ಸಮುಚ್ಚಯದಿಂದ. ಅದರೊಳಗೊಂದು ಬೀದಿಯಿದೆ. ಬೀದಿಯಲ್ಲಿ ಪುಟ್ಟ ಟ್ರಾಮು ಓಡುತ್ತದೆ. ಸಂಗೀತಕ್ಕೆ ಕುಣಿಯುವ ಕಾರಂಜಿಯಿದೆ. ಕ್ರಿಸ್‌ಮಸ್ ಬಂದರೆ ಆ ಬಿಸಿಲೂರಿನಲ್ಲಿ ಕೃತಕ ಹಿಮ ಉದುರುತ್ತದೆ. ನೋಡಿದವರಿಗೆ ಇಡೀ ಊರೇ ಹೀಗಿರಬಾರದೇ ಎನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಮಿತ್ರರೇ, ಅದು ಬೀದಿಯಂತೆ ಕಾಣುವ ಖಾಸಗಿ ಜಾಗ. ಬೇಡವಾದವನನ್ನು ಕಾವಲುಗಾರ ಗೇಟಿನಾಚೆ ಬಿಡಬಹುದು. ಗೇಟಿನಾಚೆ ಇರುವುದೇ ಊರು. ಊರಿನವರು ತಮಗೆ ಬೇಡವಾದವರನ್ನು ಎಲ್ಲಿಗೆ ಬಿಡಬೇಕು? ಕಾಸಿಲ್ಲದ ಗಿರಾಕಿಯನ್ನು ಅಂಗಡಿ ಹೊರಗಿಡುತ್ತದೆ, ಅದು ಅಂಗಡಿಯ ಧರ್ಮ. ಕಾಸಿಲ್ಲದವನಿಗೂ ನೀರು, ಕಕ್ಕಸು, ಆಸ್ಪತ್ರೆ, ಶಾಲೆ ಒದಗಿಸಬೇಕಾದದ್ದು ನಗರಸಭೆಯ ಧರ್ಮ. ಒಂದರ ಜಾಣತನ ಇನ್ನೊಂದಕ್ಕೆ ಹಾಗೆಯೇ ಒಗ್ಗುವುದಿಲ್ಲ.

ಆ ಚುನಾವಣೆಯ ಮುಖ್ಯ ಪ್ರಶ್ನೆ ಮನೆಯಿಲ್ಲದವರದು. 2022ರ ಗಣತಿಯಂತೆ ಆ ನಗರದಲ್ಲಿ ಸುಮಾರು 42,000 ಜನಕ್ಕೆ ಸ್ವಂತದ್ದಿರಲಿ, ಬಾಡಿಗೆಯ ಸೂರೂ ಇರಲಿಲ್ಲ. ಸುತ್ತಲ ಜಿಲ್ಲೆಯನ್ನೆಲ್ಲ ಸೇರಿಸಿದರೆ 69,000. ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ, ಚಲಚ್ಚಿತ್ರದ ರಾಜಧಾನಿಯಲ್ಲಿ, ಕಾಲುದಾರಿಯ ಮೇಲೆ ಗುಡಾರಗಳ ಸಾಲು! ಕುಡಿತ, ಅಮಲು, ಹುಚ್ಚು ಇವೇ ಕಾರಣವೆಂದು ಹೊಟ್ಟೆ ತುಂಬಿದವರು ಹೇಳುತ್ತಾರೆ. ಹಾಗಿದ್ದರೆ ಪಶ್ಚಿಮ ವರ್ಜೀನಿಯವನ್ನು ನೋಡಿರಿ. ಅಮಲಿನ ಮದ್ದಿನಿಂದ ಸಾಯುವವರು ಆ ದೇಶದಲ್ಲಿ ಅತಿ ಹೆಚ್ಚಾಗಿರುವ ರಾಜ್ಯಗಳಲ್ಲಿ ಅದೊಂದು. ಆದರೂ ಬೀದಿಗೆ ಬಿದ್ದವರ ಪ್ರಮಾಣ ಕ್ಯಾಲಿಫೋರ್ನಿಯಕ್ಕೆ ಹೋಲಿಸಿದರೆ ಬಹಳ ಕಡಿಮೆ. ಏಕೆಂದರೆ ಅಲ್ಲಿ ಬಾಡಿಗೆ ಅಗ್ಗ. ಲಾಸ್ ಏಂಜಲೀಸಿನಲ್ಲಿಯೋ, ವಸತಿಗೆಂದು ಗುರುತಿಸಿದ ನೆಲದ ಸುಮಾರು ಮುಕ್ಕಾಲು ಪಾಲಿನಲ್ಲಿ ನಿವೇಶನಕ್ಕೊಂದೇ ಮನೆ ಎಂದು ಬಹುಕಾಲ ಕಟ್ಟುಮಾಡಿಟ್ಟಿದ್ದರು. ಮನೆ ಕಡಿಮೆ, ಕೇಳುವವರು ಹೆಚ್ಚು. ಬಾಡಿಗೆ ಏರಿದಂತೆಲ್ಲ ದುರ್ಬಲರು ಒಬ್ಬೊಬ್ಬರಾಗಿ ಬೀದಿಗೆ ಉದುರಿದರು.

ಇದಕ್ಕೆ ಉದ್ಯಮಿಯ ಮದ್ದೇನು? 300 ದಿನಗಳಲ್ಲಿ 30,000 ಹಾಸಿಗೆ, ಜೊತೆಗೆ 1,500 ಮಂದಿ ಹೊಸ ಪೊಲೀಸರು. ಕೇಳಲು ಚೊಕ್ಕವಾದ ಲೆಕ್ಕ, ಸರಬರಾಜಿನ ಆರ್ಡರಿನಂತೆ. ಆದರೆ ಹಾಸಿಗೆ ಮನೆಯಾಗುವುದಿಲ್ಲ. 301ನೆಯ ದಿನ ಆ ಹಾಸಿಗೆಯಿಂದೆದ್ದವನು ಯಾವ ಬಾಡಿಗೆ ಕೊಟ್ಟು ಯಾವ ಮನೆಗೆ ಹೋಗಬೇಕು? ಹಾಸಿಗೆಯ ಲೆಕ್ಕದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ.

ಇನ್ನು ಹಣದ ಮಾತು. ಕರೂಸೊ ಈ ಒಂದು ಚುನಾವಣೆಗೆ ಹತ್ತು ಕೋಟಿ ಡಾಲರಿಗೂ ಮೇಲೆ ಸುರಿದರು. ಬಹುಪಾಲು ಸ್ವಂತದ್ದು. ಎದುರಾಳಿಯ ಖರ್ಚಿನ ಹತ್ತು ಪಾಲಿಗಿಂತ ಹೆಚ್ಚು. "ಸ್ವಂತ ಹಣ, ಯಾರ ಹಂಗೂ ಇಲ್ಲ" ಎಂಬುದು ಇಂಥವರ ಹಳೆಯ ವಾದ. ನ್ಯೂಯಾರ್ಕಿನ ಮೈಕೇಲ್ ಬ್ಲೂಮ್‌ಬರ್ಗ್ ಕೂಡ ಹೀಗೆಯೇ ಬಂದವರು. ವರ್ಷಕ್ಕೆ ಒಂದು ಡಾಲರ್ ಸಂಬಳ ಸಾಕೆಂದು ಜನರ ಮೆಚ್ಚುಗೆ ಗಳಿಸಿದರು. ಮೂರು ಚುನಾವಣೆಗೆ 25 ಕೋಟಿ ಡಾಲರಿಗೂ ಹೆಚ್ಚು ಸ್ವಂತ ಹಣ ಚೆಲ್ಲಿದರು. ಎರಡೇ ಅವಧಿ ಎಂದು ಮತದಾರರು 1993ರಲ್ಲೂ 1996ರಲ್ಲೂ ಮಾಡಿದ ಕಟ್ಟನ್ನು 2008ರಲ್ಲಿ ನಗರ ಮಂಡಲಿಯ ಕೈಯಿಂದ ಬಿಚ್ಚಿಸಿ, ಮೂರನೆಯ ಸಲವೂ ಕುಳಿತರು. ದೂರವಾಣಿಯಲ್ಲಿ ದೂರು ಕೊಡುವ ಏರ್ಪಾಡು, ಬೀಡಿ ಸಿಗರೇಟಿನ ಹೊಗೆಗೆ ತಡೆ, ಇವೆಲ್ಲ ಅವರ ಒಳ್ಳೆಯ ಕೆಲಸಗಳೇ. ಆದರೆ 2013ರ ಕೊನೆಗೆ ಅವರು ಇಳಿಯುವಾಗ ಆ ನಗರದ ಆಶ್ರಯಶಾಲೆಗಳಲ್ಲಿ ರಾತ್ರಿ ಕಳೆಯುತ್ತಿದ್ದವರು 50,000ಕ್ಕೂ ಹೆಚ್ಚು. ಯಾರ ಹಂಗೂ ಇಲ್ಲದವನಿಗೆ ಮತದಾರನ ಹಂಗೂ ಕಡಿಮೆ, ಇಷ್ಟನ್ನು ಮರೆಯಬಾರದು.

ಲಾಸ್ ಏಂಜಲೀಸಿನ ಜನ ಏನು ಮಾಡಿದರು? ಜೂನ್ ತಿಂಗಳ ಮೊದಲ ಸುತ್ತಿನಲ್ಲಿ ಬಾಸ್ ಅವರಿಗೆ ನೂರಕ್ಕೆ 43, ಕರೂಸೊ ಅವರಿಗೆ 36. ನವೆಂಬರಿನ ಕೊನೆಯ ಸುತ್ತಿನಲ್ಲಿ ಸುಮಾರು 55ಕ್ಕೆ 45. ಹತ್ತು ಕೋಟಿ ಡಾಲರು ನೀರಿನಲ್ಲಿ ಹೋಯಿತು. ಆದರೆ ನಮಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಮತಪತ್ರದಲ್ಲಿದ್ದ ಇನ್ನೊಂದು ಪ್ರಶ್ನೆ. 50 ಲಕ್ಷ ಡಾಲರು ದಾಟಿದ ಆಸ್ತಿ ಮಾರಿದರೆ ನೂರಕ್ಕೆ 4, ಒಂದು ಕೋಟಿ ಮುಟ್ಟಿದರೆ ಐದೂವರೆ ತೆರಿಗೆ. ಬಂದ ಹಣ ಅಗ್ಗದ ಮನೆ ಕಟ್ಟಲು, ಬಾಡಿಗೆದಾರರನ್ನು ಬೀದಿಪಾಲಾಗದಂತೆ ಉಳಿಸಲು. ಇದನ್ನು ನೂರಕ್ಕೆ 57ಕ್ಕೂ ಹೆಚ್ಚು ಜನ ಒಪ್ಪಿದರು. 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಅಂದಾಜಿಸಿದಷ್ಟು ಹಣ ಮೊದಲಲ್ಲಿ ಬರಲಿಲ್ಲ, ಆಸ್ತಿವಂತರು ಕೋರ್ಟಿಗೂ ಹೋದರು. ಆದರೂ ಖರ್ಚು ಯಾರು ಹೊರಬೇಕೆಂಬುದನ್ನು ಜನ ಬಾಯಿಬಿಟ್ಟು ಹೇಳಿದ್ದರು.

ಗೆದ್ದವರನ್ನು ಹೊಗಳಿ ಅಟ್ಟಕ್ಕೇರಿಸಲು ನಾವು ಬಂದಿಲ್ಲ. ಬೀದಿಯ ಗುಡಾರಗಳು ಕೊಂಚ ಕಡಿಮೆಯಾದವು ನಿಜ, ಆದರೆ 2025ರ ಗಣತಿಯಲ್ಲಿಯೂ ಆ ನಗರದಲ್ಲಿ ಸೂರಿಲ್ಲದವರು 43,000ಕ್ಕೂ ಹೆಚ್ಚು. 2025ರ ಜನವರಿ 7ರಂದು ಪಾಲಿಸೇಡ್ಸ್ ಬಡಾವಣೆಗೆ ಕಾಳ್ಗಿಚ್ಚು ಬಿದ್ದಾಗ ಮೇಯರ್ ಬಾಸ್ ಇದ್ದುದು ದೂರದ ಘಾನಾ ದೇಶದಲ್ಲಿ. ಅಲ್ಲಿಯ ದೊಡ್ಡ ಜಲಾಶಯವೊಂದು ದುರಸ್ತಿಗೆಂದು ಬರಿದಾಗಿ ಬಿದ್ದಿತ್ತು. ಹನ್ನೆರಡು ಮಂದಿ ಸತ್ತರು, 6,800ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಜನರ ಸಿಟ್ಟು ನ್ಯಾಯವಾದದ್ದೇ. ಅದೇ ಬಡಾವಣೆಯಲ್ಲಿ ಕರೂಸೊ ಅವರ ಅಂಗಡಿ ಸಮುಚ್ಚಯವೊಂದಿತ್ತು. ಖಾಸಗಿ ಅಗ್ನಿಶಾಮಕರನ್ನು ಹಣ ಕೊಟ್ಟು ಕರೆಸಿದ್ದರು, ಅದು ಉಳಿಯಿತು. ತನ್ನ ಸ್ವತ್ತನ್ನು ಕಾಯ್ದುಕೊಂಡದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಮನೆಮನೆಗೂ ಒಂದೊಂದು ಖಾಸಗಿ ಅಗ್ನಿಶಾಮಕ ದಳವನ್ನು ಯಾರು ತರಿಸಿಯಾರು? ಬಡಾವಣೆಗೆಲ್ಲ ಬೇಕಾಗಿದ್ದುದು ತುಂಬಿದ ಜಲಾಶಯ. ಅದು ಊರೊಟ್ಟಿನ ಸ್ವತ್ತು.

ಹಾಗಾದರೆ ಉದ್ಯಮಿ ಎಂದೂ ಊರಿಗೆ ಉಪಕಾರ ಮಾಡಿಲ್ಲವೇ? ಮಾಡಿದ್ದಾನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜೋಸೆಫ್ ಚೇಂಬರ್ಲೇನ್ ಎಂಬ ಸ್ಕ್ರೂ ಕಾರ್ಖಾನೆಯ ಧಣಿ 1873ರಲ್ಲಿ ಮೇಯರಾದ. ಆಗ ಆ ಊರಿನ ಅನಿಲದೀಪವೂ ನೀರೂ ಖಾಸಗಿ ಕಂಪನಿಗಳ ಕೈಯಲ್ಲಿದ್ದವು. 1875ರಲ್ಲಿ ಅನಿಲವನ್ನೂ 1876ರಲ್ಲಿ ನೀರನ್ನೂ ನಗರಸಭೆಗೆ ಕೊಂಡುಕೊಂಡ. ಅನಿಲದ ಲಾಭ ಊರಿಗೆ ಸಲ್ಲಲಿ, ನೀರಿನಲ್ಲಿ ಲಾಭವೇ ಬೇಡ ಎಂದ. ಸಮಾಜವಾದಿಯಲ್ಲದ ಈ ಧಣಿಯ ಕೆಲಸವನ್ನು ಮುಂದೆ ಲೋಕ 'ಅನಿಲ ಮತ್ತು ನೀರಿನ ಸಮಾಜವಾದ' ಎಂಬ ಹೆಸರಿನಲ್ಲಿ ಎಣಿಸಿತು. ಅದೇ ಚೇಂಬರ್ಲೇನ್ ಕೊಳೆಗೇರಿ ಕೆಡವಿಸಿ ಕಾರ್ಪೊರೇಷನ್ ಸ್ಟ್ರೀಟ್ ಎಂಬ ಭರ್ಜರಿ ಬೀದಿಗೆ ಅಡಿಪಾಯ ಹಾಕಿದಾಗ, ನಿವೇಶನಗಳು 75 ವರ್ಷದ ಗುತ್ತಿಗೆಗೆ ಹೋಗಿ ಅಂಗಡಿಗಳು ಎದ್ದವು. ಎಬ್ಬಿಸಿದ ಬಡವರಿಗೆ ಸಾಲುವಷ್ಟು ಮನೆ ಏಳಲಿಲ್ಲ. ಆತ ವ್ಯಾಪಾರಸ್ಥನೋ ಅಲ್ಲವೋ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಯಾವುದನ್ನು ಊರಿನ ಸ್ವತ್ತು ಮಾಡಿದ, ಯಾವುದನ್ನು ಗುತ್ತಿಗೆಗೆ ಬಿಟ್ಟ, ನೋಡಬೇಕಾದುದು ಅದನ್ನು.

ವ್ಯಾಪಾರಿ ಮಿತ್ರರೇ, ಕೊನೆಗೆ ನಿಮ್ಮೊಡನೆ ಒಂದು ಮಾತು. ವ್ಯಾಪಾರಿ ಎಂಬ ಒಂದೇ ಹೆಸರಿನ ಕೆಳಗೆ ನಿಮ್ಮನ್ನೂ ಸಮುಚ್ಚಯದ ಧಣಿಯನ್ನೂ ಸೇರಿಸಿ ಮಾತಾಡುವವರಿದ್ದಾರೆ. ಲಾಸ್ ಏಂಜಲೀಸಿನ ಕಾಲುದಾರಿಯಲ್ಲಿ ತಿಂಡಿ, ಹಣ್ಣು ಮಾರುವ ತಳ್ಳುಗಾಡಿಯವರಿಗೆ ವರ್ಷಗಟ್ಟಲೆ ಕ್ರಿಮಿನಲ್ ಕೇಸು ಬೀಳುತ್ತಿತ್ತು. 2019ರ ಜನವರಿಯಿಂದ ರಾಜ್ಯದ ಕಾಯದೆಯೇ ಅದನ್ನು ತಡೆಯಿತು. ತಂದುಕೊಟ್ಟವರು ಬೀದಿ ವ್ಯಾಪಾರಿಗಳ ಸಂಘಟನೆಗಳು, ದೊಡ್ಡ ಧಣಿಗಳಲ್ಲ. ನಮ್ಮಲ್ಲಿಯೂ 2014ರ ಬೀದಿ ವ್ಯಾಪಾರಿಗಳ ಕಾಯದೆಯಂತೆ ಪಟ್ಟಣ ಮಾರಾಟ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಮತ ಕೇಳಲು ಉದ್ಯಮಿಯೇ ಬರಲಿ, ವಕೀಲರೇ ಬರಲಿ, ನಮ್ಮ ಪಕ್ಷದವರೇ ಬರಲಿ, ಬಾಗಿಲಲ್ಲಿ ನಿಲ್ಲಿಸಿ ಕೇಳಿರಿ. ಆ ಸಮಿತಿಯನ್ನು ತಿಂಗಳಿಗೆಷ್ಟು ಸಲ ಕೂಡಿಸುತ್ತೀರಿ? ನೀರಿನ ಕೊಳವೆಯ ಬಾಬು ಯಾರ ಕೈಯಲ್ಲಿರುತ್ತದೆ? ಗಿರಣಿಯ ಜಾಗ ಖಾಲಿ ಬಿದ್ದರೆ ಅಲ್ಲಿ ಏಳುವುದು ಕೂಲಿಕಾರರ ಮನೆಯೋ, ಟ್ರಾಮು ಓಡುವ ಅಂಗಡಿ ಬೀದಿಯೋ? ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು ಮುಂದಿನ ಸಭೆಗೆ ತನ್ನಿರಿ.